ತಣ್ಣಗಿದ್ದಾಗ ಒಮ್ಮೆ, ಬಿಸಿಯೇರಿದ ಮೇಲೆ ಇನ್ನೊಮ್ಮೆ

ಡಲ್ಲಾಸ್ ಹೊರವಲಯದ ಆ ಮನೆಗೆ ನಾವು ತಲುಪುವ ಹೊತ್ತಿಗೆ ಪಿಕಪ್ಪಿನ ಎಂಜಿನ್ ಆಗಲೇ ಓಡುತ್ತಿತ್ತು. ನಿಮ್ಮನ್ನು ಕಾಯಿಸಬಾರದೆಂದು ಸ್ಟಾರ್ಟ್ ಮಾಡಿಟ್ಟಿದ್ದೇನೆ ಎಂದರು ಮಾರುವವರು. ಗೆಳೆಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡ. ಅಷ್ಟು ದೂರ ಬಂದು ಓಡಿಸದೆ ಮರಳಿದ್ದು ಅಂದು ನನಗೆ ಅತಿ ಎನಿಸಿತ್ತು. ಈಗ ಹಾಗೆನ್ನಿಸುವುದಿಲ್ಲ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನಡೆಯುವುದು ಎಣ್ಣೆಯ ಒತ್ತಡದಿಂದ. ಒಳಗಿನ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುವುದು ಆ ಒತ್ತಡವೇ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ರಬ್ಬರ್ ಸೀಲುಗಳು ಬಿಗಿದಿರುತ್ತವೆ, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಎಣ್ಣೆ ಕೆಲವೊಮ್ಮೆ ಕೆಳಗಿಳಿದಿರುತ್ತದೆ. ಸೀಲು ಸವೆದಿದ್ದರೆ ಅದು ಗೊತ್ತಾಗುವುದು ಆ ಮೊದಲ ನಿಮಿಷದಲ್ಲಿ. ಬ್ರೇಕ್ ಒತ್ತಿ ಹಿಡಿದು ಪಾರ್ಕ್‌ನಿಂದ ರಿವರ್ಸ್‌ಗೆ, ಆಮೇಲೆ ಡ್ರೈವ್‌ಗೆ ಹಾಕಿ ಮನಸ್ಸಿನಲ್ಲೇ ಎಣಿಸಬೇಕು. ಒಂದೆರಡು ಸೆಕೆಂಡಿನೊಳಗೆ ಗಾಡಿ ಮೆತ್ತಗೆ ಕಚ್ಚಿಕೊಳ್ಳಬೇಕು. ಅದಕ್ಕಿಂತ ತಡವಾದರೂ, ಧಡ್ಡೆಂದು ಬಡಿದರೂ ಕಾರಣ ಹುಡುಕಲೇಬೇಕು.

ಮರುದಿನ ಎಂಜಿನ್ ತಣ್ಣಗಿತ್ತು, ಎರಡೂ ಕಡೆ ಗೇರ್ ತಕ್ಷಣ ಕೂತಿತು. ಗೆಳೆಯ ಸಕಲೇಶಪುರದವನು. ಶಿರಾಡಿ ಘಾಟಿಯಲ್ಲಿ ಜೀಪು ಓಡಿಸಿ ಬೆಳೆದವನಿಗೆ ಎಂಜಿನ್ನಿನ ದನಿ ಕೇಳಿಯೇ ಗೇರ್ ಬದಲಿಸುವ ರೂಢಿ. ಆಟೊಮ್ಯಾಟಿಕ್‌ನಲ್ಲಿ ಎಡಗಾಲಿಗೆ ಕೆಲಸವಿಲ್ಲದಿದ್ದರೂ ಕಿವಿಗೆ ಇದೆ. ರೇಡಿಯೊ, ಎ.ಸಿ. ಎರಡನ್ನೂ ಆರಿಸಿ ಹೊರಟೆವು. ಗೇರ್ ಏರುವಾಗ ಆರ್‌ಪಿಎಂ ಮುಳ್ಳು ಇಳಿಯಬೇಕು. ಹಿಂದಿನ ಗೇರ್ ಬಿಟ್ಟು ಮುಂದಿನದು ಹಿಡಿಯುವ ನಡುವೆ ಎಂಜಿನ್ ಒಮ್ಮೆ ಗುಂಯ್ಯೆಂದು ಮೇಲೆದ್ದರೆ ಒಳಗೆ ಕ್ಲಚ್ ಜಾರುತ್ತಿದೆ ಎಂದೇ ಅನುಮಾನಿಸಬೇಕು.

ಆದರೆ ಗಾಡಿಯ ಸ್ವಭಾವವನ್ನು ರೋಗವೆಂದು ತಿಳಿಯಬಾರದು. 2017ರ ಮಾದರಿಯಿಂದ ಫೋರ್ಡ್ ಎಫ್-150ಕ್ಕೆ ಬಂದ 10 ಗೇರುಗಳ ಪೆಟ್ಟಿಗೆಯನ್ನೇ ನೋಡಿ. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕೂಡಿ ರೂಪಿಸಿದ್ದು ಅದು. ಹಗುರವಾಗಿ ಓಡಿಸಿದರೆ ಒಂದರಿಂದ ಮೂರಕ್ಕೆ, ಮೂರರಿಂದ ಐದಕ್ಕೆ ಹಾರುತ್ತದೆ. ಅದು ಹಾಗೆಯೇ ಇರಬೇಕಾದದ್ದು. ಭಾರ ಎಳೆಯುವಾಗ ಬಳಸುವ ಟೋ ಹಾಲ್ ಗುಂಡಿ ಒತ್ತಿದರೆ ಗೇರ್ ಏರಲು ತಡಮಾಡುತ್ತದೆ, ಇಳಿಜಾರಿನಲ್ಲಿ ತಾನಾಗಿ ಕೆಳಗಿನ ಗೇರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ನಾವು ಕೈಯಲ್ಲಿ ಮಾಡುತ್ತಿದ್ದುದೇ ಇದು. ನಿಲ್ಲುವಾಗ, ಹೊರಡುವಾಗ ಕೇಳುವ ಟಣ್ ಸದ್ದು ಎಷ್ಟೋ ಸಲ ಗೇರ್‌ಬಾಕ್ಸಿನದ್ದಲ್ಲ. ಹಿಂಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟಿನ ಜೋಡಣೆಯಲ್ಲಿ ಗ್ರೀಸ್ ಒಣಗಿದ್ದರೂ ಅದೇ ಸದ್ದು. ಗ್ರೀಸ್ ಹಚ್ಚಿದರೆ ಹೋಗುವ ದೂರಿಗೆ ಹೆದರಿ ಒಳ್ಳೆಯ ಗಾಡಿ ಬಿಟ್ಟವರೂ ಇದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ನಡುಕ. ಸಮತಟ್ಟಾದ ರಸ್ತೆಯಲ್ಲಿ 40ರಿಂದ 50 ಮೈಲಿ ವೇಗದಲ್ಲಿ ಆಕ್ಸಿಲರೇಟರನ್ನು ಅಲುಗಿಸದೆ ಹಿಡಿಯಬೇಕು. ಆಗ ಟಾರ್ಕ್ ಕನ್ವರ್ಟರಿನ ಒಳಗಿನ ಲಾಕಪ್ ಕ್ಲಚ್ ಹಿಡಿದಿರುತ್ತದೆ. ಅದು ಕೆಟ್ಟಿದ್ದರೆ, ಉಬ್ಬುಪಟ್ಟಿಗಳ ಮೇಲೆ ಹೋದಂತೆ ಸೀಟಿನಡಿ ಗಡಗಡ ಎನ್ನುತ್ತದೆ. ಜನರಲ್ ಮೋಟಾರ್ಸಿನ 8 ಗೇರುಗಳ ಪಿಕಪ್ಪುಗಳಲ್ಲಿ ಈ ನಡುಕದ ದೂರು ನ್ಯಾಯಾಲಯದವರೆಗೆ ಹೋಯಿತು. ಎಣ್ಣೆ ಪೂರ್ತಿ ಬದಲಿಸುವಂತೆ ಕಂಪನಿಯೇ ವರ್ಕ್‌ಶಾಪುಗಳಿಗೆ ತಿಳಿಸಿತು. ನಡುಗುವಾಗ ಬ್ರೇಕ್ ಪೆಡಲನ್ನು ಕೊಂಚವೇ ತಾಕಿಸಿದರೆ ಲಾಕಪ್ ಬಿಡುತ್ತದೆ. ಆ ಕ್ಷಣಕ್ಕೆ ನಡುಕ ನಿಂತರೆ ಬೆರಳು ಕನ್ವರ್ಟರಿನ ಕಡೆಗೆ, ನಿಲ್ಲದಿದ್ದರೆ ಟಯರು, ಶಾಫ್ಟುಗಳ ಕಡೆಗೆ. ಊರಿನಲ್ಲಿ ಗಾಡಿ ಕಲಿತವರು ಇದನ್ನು ಹಿಂದೆ ಯಾರೂ ಇಲ್ಲದಲ್ಲಿ ಮಾತ್ರ ಮಾಡಲಿ. ಕ್ಲಚ್ ತುಳಿದು ಪಳಗಿದ ಎಡಗಾಲು ಬ್ರೇಕನ್ನೂ ಪೂರ್ತಿ ತುಳಿದುಬಿಡುತ್ತದೆ.

1996ರಿಂದ ಅಮೆರಿಕದಲ್ಲಿ ಮಾರಾಟವಾದ ಕಾರು, ಪಿಕಪ್ಪುಗಳ ಸ್ಟೀರಿಂಗ್ ಕೆಳಗೆ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಒಬಿಡಿ ಸಾಕೆಟ್ ಇದೆ. ಅಗ್ಗದ ಸ್ಕ್ಯಾನರ್ ಚುಚ್ಚಿ ನೋಡಿ. ದೋಷ ಒಂದೂ ತೋರಿಸದೆ, ಸ್ವಯಂಪರೀಕ್ಷೆಗಳೆಲ್ಲ ಇನ್ನೂ ಮುಗಿದಿಲ್ಲ ಎಂದು ಬಂದರೆ ಯಾರೋ ಈಚೆಗೆ ನೆನಪು ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಡೀಲರ್ ಆದರೆ ಕಿಟಕಿಗೆ ಬೈಯರ್ಸ್ ಗೈಡ್ ಚೀಟಿ ಅಂಟಿಸಬೇಕೆಂಬ ಕೇಂದ್ರ ನಿಯಮವಿದೆ. ಅದರಲ್ಲಿ 'ಆಸ್ ಈಸ್' ಎಂದು ಗುರುತಿದ್ದರೆ ಮುಂದಿನ ರಿಪೇರಿ ಕೊಂಡವರ ಹೊಣೆ. ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿಸಲು ಸಾವಿರಾರು ಡಾಲರ್ ಬೇಕು. ಮನೆಯಂಗಳದಲ್ಲಿ ಮಾರುವವರಿಗೆ ಆ ಚೀಟಿಯ ನಿಯಮವೂ ಇಲ್ಲ.

ನಾವು ನೋಡಿದ ಗಾಡಿಯಲ್ಲಿ ಟ್ರೇಲರ್ ಸಿಕ್ಕಿಸುವ ಗುಂಡು ಸವೆದು ಹೊಳೆಯುತ್ತಿತ್ತು. ಭಾರ ಎಳೆದರೆ ಎಣ್ಣೆ ಕಾಯುತ್ತದೆ, ಕಾದಷ್ಟೂ ಅದರ ಆಯುಸ್ಸು ಇಳಿಯುತ್ತದೆ. ಅದಕ್ಕೇ ಗೆಳೆಯ ಹೈವೇಗೆ ತಿರುಗಿಸಿ ಮುಕ್ಕಾಲು ಗಂಟೆ ಓಡಿಸಿದ. ಬಿಸಿಯೇರಿದ ಎಣ್ಣೆ ತೆಳುವಾಗುತ್ತದೆ, ಸವೆದ ಸಂದುಗಳಲ್ಲಿ ಒತ್ತಡ ಸೋರುತ್ತದೆ. ಮರಳಿ ಅದೇ ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ, ರಿವರ್ಸ್‌ಗೆ ಹಾಕಿದ. ಬೆಳಿಗ್ಗೆ ತಕ್ಷಣ ಕೂತಿದ್ದ ಗೇರ್ ಈಗ ಕೂರಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದೆ. ಆಮೇಲೆ ಇಡೀ ಗಾಡಿ ಒಮ್ಮೆ ಜಗ್ಗಿತು.

"ಕೇಳಿಸ್ತಾ?" ಎಂದ. ತಲೆಯಾಡಿಸಿದೆ. ಮಾರುವವರಿಗೂ ಹಾಕಿ ತೋರಿಸಿ, ಮೆಕ್ಯಾನಿಕ್‌ಗೆ ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟು, ಕೀಲಿಕೈ ಅವರ ಕೈಗಿಟ್ಟು ಹೊರಟೆವು.