ಗಟ್ಟಿ ಮರದ ಆಮದು: ಚೀನಾ ಮತ್ತು ಭಾರತ

ಹೊರದೇಶಗಳಿಂದ ತರಿಸುವ ಗಟ್ಟಿ ಮರದ ಮೌಲ್ಯವು ಏರಿತೆಂಬ ವರ್ತಮಾನವನ್ನು ಕೇಳಿ, ತೇಗ ಬೆಳೆದ ಜಮೀನುದಾರರು ತಮ್ಮ ಮರಕ್ಕೂ ಅದೇ ಪ್ರಮಾಣದಲ್ಲಿ ಬೆಲೆ ಬರುವುದೆಂದು ಭಾವಿಸುವುದುಂಟು. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದು ಚೀನಾ ಮತ್ತು ಭಾರತಗಳ ಆಮದನ್ನು ಹೋಲಿಸಿದರೆ ತಿಳಿಯುವುದು.

ವ್ಯಾಪಾರದ ಲೆಕ್ಕದಲ್ಲಿ ಗಟ್ಟಿ ಮರವೆಂದರೆ ತೇಗ, ಬೀಟೆ, ಮತ್ತಿ, ಹೊನ್ನೆ ಮೊದಲಾದ ಅಗಲ ಎಲೆಯ ಜಾತಿಗಳು. ದೇವದಾರು ಮುಂತಾದ ಸೂಜಿ ಎಲೆಯ ಮರಗಳು ಮೆದು ಮರದ ವರ್ಗಕ್ಕೆ ಸೇರತಕ್ಕವು.

ಎರಡು ದೇಶಗಳಲ್ಲಿಯೂ ಆಮದು ಹೆಚ್ಚಲು ಮುಖ್ಯ ಕಾರಣವು ಸ್ವಂತ ಅರಣ್ಯದ ಮೇಲಿನ ನಿರ್ಬಂಧ. ಭಾರತದಲ್ಲಿ 1996ರ ಡಿಸೆಂಬರಿನ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಕಾಡು ಕಡಿಯುವುದು ಬಿಗಿಯಾಯಿತು. ಚೀನಾದಲ್ಲಿ 1998ರ ಯಾಂಗ್ತ್ಸೆ ನದಿಯ ಮಹಾಪ್ರವಾಹದ ತರುವಾಯ ನೈಸರ್ಗಿಕ ಕಾಡುಗಳ ಕಡಿತಕ್ಕೆ ತಡೆ ಬಿದ್ದಿತು. ಮರುವರ್ಷ ದಿಮ್ಮಿಗಳ ಆಮದು ಸುಂಕವೂ ರದ್ದಾಯಿತು. ಎಲ್ಲ ಜಾತಿಗಳೂ ಸೇರಿ 1997ರಲ್ಲಿ ಸುಮಾರು 45 ಲಕ್ಷ ಘನ ಮೀಟರ್ ಇದ್ದ ಅಲ್ಲಿನ ದಿಮ್ಮಿಗಳ ಆಮದು 2007ಕ್ಕೆ ಸುಮಾರು 370 ಲಕ್ಷ ಘನ ಮೀಟರಿಗೆ ಏರಿತು.

ಕಾರಣವು ಒಂದೇ ಆದರೂ ಉಪಯೋಗವು ಬೇರೆ. ಚೀನಾ ದೇಶವು ಕೊಂಡ ಮರದ ಒಂದು ಭಾಗವನ್ನು ಕುರ್ಚಿ, ಮೇಜುಗಳಾಗಿ ಮಾಡಿ ಪರದೇಶಗಳಿಗೆ ಮಾರುತ್ತದೆ; ಆದಕಾರಣ ಕೊಳ್ಳುವ ದೇಶಗಳಲ್ಲಿ ಹಣದ ಮುಗ್ಗಟ್ಟು ಬಂದರೆ ಅಲ್ಲಿನ ಬೇಡಿಕೆಯೂ ಕುಗ್ಗುತ್ತದೆ. ಭಾರತಕ್ಕೆ ಬರುವುದು ಬಹುಪಾಲು ಇಲ್ಲಿನ ಮನೆಗಳ ಬಾಗಿಲು, ಚೌಕಟ್ಟುಗಳಿಗೇ ಸಲ್ಲುತ್ತದೆ. ಕಾಂಡ್ಲಾ, ಮಂಗಳೂರು ಮುಂತಾದ ಬಂದರುಗಳಲ್ಲಿ ದಿಮ್ಮಿಗಳನ್ನು ಇಳಿಸಿ ಇಲ್ಲಿಯೇ ಕೊಯ್ಯುವುದು ವಾಡಿಕೆ.

ಮಾರುವ ದೇಶಗಳೂ ಸುಮ್ಮನಿರಲಿಲ್ಲ. ಇಂಡೊನೇಷಿಯಾ 1985ರಲ್ಲಿಯೂ, ಗ್ಯಾಬೊನ್ 2010ರಲ್ಲಿಯೂ, ಬರ್ಮಾ 2014ರ ಏಪ್ರಿಲ್ 1ರಿಂದಲೂ ದಿಮ್ಮಿಗಳ ರಫ್ತನ್ನು ನಿಲ್ಲಿಸಿದವು. ಆಗ ದಿಮ್ಮಿಗೆ ಬದಲಾಗಿ ಕೊಯ್ದ ಹಲಗೆಯನ್ನೇ ಕೊಳ್ಳಬೇಕಾಯಿತು. ಹಲಗೆಯ ಬೆಲೆಯಲ್ಲಿ ಕೊಯ್ದ ಕೂಲಿಯೂ ಕೊಯ್ಲಿನ ಸವಕಳಿಯೂ ಸೇರಿರುತ್ತವಷ್ಟೆ. ಭಾರತಕ್ಕೆ ಬರ್ಮಾದ ಹಳೆಯ ತೇಗದ ಸ್ಥಾನದಲ್ಲಿ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ತೋಟದ ತೇಗವು ಹೆಚ್ಚಾಗಿ ಬರತೊಡಗಿತು. ಹೀಗೆ ಹೆಸರು ಒಂದೇ ಇದ್ದರೂ ಸರಕು ಬದಲಾಯಿತು.

ಆದುದರಿಂದ ಮೌಲ್ಯವೊಂದನ್ನೇ ನೋಡಿ ತೀರ್ಮಾನಿಸಲಾಗದು. ಒಂದು ವರ್ಷ ದಿಮ್ಮಿಯೊಂದಕ್ಕೆ 10 ರೂಪಾಯಿಯಂತೆ 100 ದಿಮ್ಮಿಗಳನ್ನು ಕೊಂಡರೆ 1,000 ರೂಪಾಯಿ. ಮರುವರ್ಷ 15 ರೂಪಾಯಿಯಂತೆ 80 ಕೊಂಡರೆ 1,200 ರೂಪಾಯಿ. ಮೌಲ್ಯವು ಐದರಲ್ಲೊಂದು ಪಾಲು ಏರಿತು. ಮರವು ಐದರಲ್ಲೊಂದು ಪಾಲು ಇಳಿಯಿತು! ಡಾಲರಿನ ಎದುರು ರೂಪಾಯಿಯು ಇಳಿದರಂತೂ ಅಷ್ಟೇ ಮರವೂ ಅದೇ ಡಾಲರ್ ಬೆಲೆಯೂ ಇದ್ದಾಗ್ಗೂ ನಮ್ಮ ಲೆಕ್ಕದಲ್ಲಿ ಏರಿಕೆಯೇ ಕಾಣುವುದು. ಎರಡು ದೇಶಗಳನ್ನು ಹೋಲಿಸುವಾಗ ಒಂದೇ ನಾಣ್ಯ, ಒಂದೇ ರೂಪದ ಸರಕು, ಮೌಲ್ಯದ ಜೊತೆಗೆ ಪರಿಮಾಣ, ಈ ಮೂರನ್ನೂ ನೋಡತಕ್ಕದ್ದು.

ಇದರಿಂದ ಜಮೀನುದಾರರು ಗ್ರಹಿಸತಕ್ಕ ವಿಷಯವೇನೆಂದರೆ, ಆಮದಿನ ಏರಿಕೆಯ ಸುದ್ದಿಯನ್ನು ನಂಬಿ ಎಳೆಯ ತೇಗಕ್ಕೆ ಕೊಡಲಿ ಹಾಕಬಾರದು. ಎಳೆಯ ಮರದಲ್ಲಿ ಹೊರಗಿನ ಬಿಳಿಯ ಭಾಗವೇ ಹೆಚ್ಚು, ಚೇಗು ಕಡಿಮೆ. ಹೊರಗಿನಿಂದ ಬರುವ ತೋಟದ ತೇಗದೊಡನೆ ಅದು ಪೈಪೋಟಿ ಮಾಡಬೇಕಾಗುತ್ತದೆ. ವರ್ಷಕ್ಕೊಮ್ಮೆ ಎದೆಯೆತ್ತರದಲ್ಲಿ ಮರದ ಸುತ್ತಳತೆಯನ್ನು ಅಳೆದು ಬರೆದಿಟ್ಟು, ಬಡಕಲು ಗಿಡಗಳನ್ನು ತೆಗೆದು ಉತ್ತಮವಾದವನ್ನು ಬಲಿಯಗೊಡುವುದು ಲಾಭಕರ. ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅಪ್ಪಣೆ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ಗ್ರಾಮದ ಮುಖಂಡರು ಈ ಸಂಗತಿಯನ್ನು ತಮ್ಮ ರೈತರಿಗೆ ತಿಳಿಯಹೇಳಿದರೆ, ಇಪ್ಪತ್ತು ವರ್ಷ ಕಾದ ಫಲವು ದಲ್ಲಾಳಿಯ ಒಂದು ಮಾತಿಗೆ ಕೈತಪ್ಪದೆ ಉಳಿಯುವುದು.