ಕಡಲಲ್ಲಿ ಕಾಣೆಯಾದವರನ್ನು ಹುಡುಕುವ ಬಗೆ

ಗಡಹಿಂಗ್ಲಜದ ಪಕ್ಕದಲ್ಲಿ ಹರಿಯುವ ಹಿರಣ್ಯಕೇಶಿ ಹೊಳೆ ಹುಟ್ಟುವುದು ಅಂಬೋಲಿಯಲ್ಲಿ. ಹೊಳೆಯೇನೋ ಪೂರ್ವಕ್ಕೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಆದರೆ ಅದೇ ಅಂಬೋಲಿಯಿಂದ ಪಶ್ಚಿಮಕ್ಕೆ ಘಟ್ಟವನ್ನಿಳಿದರೆ ಸಾವಂತವಾಡಿ, ಅದರಾಚೆ ಮಾಲವಣದ ಕಡಲು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಾವು ಬಯಲುಸೀಮೆಯವರೆಂದು ಹೇಳಿಕೊಂಡರೂ ಸಮುದ್ರ ನಮಗೆ ದೂರದ್ದಲ್ಲ. ಆ ಸಮುದ್ರದಲ್ಲಿ ದೋಣಿ ಕಾಣೆಯಾದರೆ ಹುಡುಕುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಯೋಣ.

ಮೊದಲು ನಡೆದ ಸಂಗತಿಯೊಂದನ್ನು ನೋಡೋಣ. 2018ರ ಡಿಸೆಂಬರ್ 13ರಂದು ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ದೋಣಿ ಏಳು ಜನರೊಡನೆ ಹೊರಟಿತು. ಡಿಸೆಂಬರ್ 15ರ ನಂತರ ಅದರ ಸಂಪರ್ಕ ಕಡಿದುಹೋಯಿತು. ಹುಡುಕಾಟ ಆರಂಭವಾಗುವಷ್ಟರಲ್ಲಿ ದಿನಗಳೇ ಕಳೆದಿದ್ದವು. ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಗಳ ಹಡಗು, ವಿಮಾನ, ಹೆಲಿಕಾಪ್ಟರುಗಳು ನೀರನ್ನು ಜಾಲಾಡಿದವು. ಏಳು ಮನೆಗಳಲ್ಲಿ ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ’ ಹಡಗು ಸೋನಾರ್ ಯಂತ್ರದ ಸಹಾಯದಿಂದ ದೋಣಿಯ ಅವಶೇಷವನ್ನು ಪತ್ತೆ ಮಾಡಿತು. ಅದು ಬಿದ್ದಿದ್ದುದು ಮಾಲವಣದ ಸಮುದ್ರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ. ಆ ಏಳು ಜನ ಮರಳಿ ಬರಲಿಲ್ಲ.

ಇಷ್ಟೊಂದು ಸಾಧನಗಳಿದ್ದೂ ಹೀಗೇಕಾಯಿತು? ಇದಕ್ಕೆ ಗಣಿತವೇ ಉತ್ತರ ಹೇಳುತ್ತದೆ. ಕೆಟ್ಟುನಿಂತ ದೋಣಿ ಇದ್ದಲ್ಲೇ ಇರುವುದಿಲ್ಲ. ಗಾಳಿ ಮತ್ತು ಒಳಹರಿವು ಅದನ್ನು ಒಯ್ಯುತ್ತವೆ. ಗಂಟೆಗೆ 2 ಕಿಲೋಮೀಟರಿನಂತೆ, ಯಾವ ದಿಕ್ಕಿಗಾದರೂ ಅದು ಸರಿಯಬಹುದೆಂದು ಇಟ್ಟುಕೊಳ್ಳೋಣ. 5 ಗಂಟೆಗಳ ನಂತರ ಅದು 10 ಕಿಲೋಮೀಟರ್ ತ್ರಿಜ್ಯದ ವರ್ತುಳದಲ್ಲಿ ಎಲ್ಲಾದರೂ ಇರಬಹುದು. ಆ ವರ್ತುಳದ ಕ್ಷೇತ್ರಫಲ ಸುಮಾರು 314 ಚದರ ಕಿಲೋಮೀಟರ್. 10 ಗಂಟೆಗಳಾದರೆ ತ್ರಿಜ್ಯ 20 ಕಿಲೋಮೀಟರ್, ಕ್ಷೇತ್ರಫಲ 1256 ಚದರ ಕಿಲೋಮೀಟರ್. ತಡ ಇಮ್ಮಡಿಯಾದರೆ ಹುಡುಕುವ ಜಾಗ ನಾಲ್ಮಡಿಯಾಯಿತು! ಶಾಲೆಯಲ್ಲಿ ಬಾಯಿಪಾಠ ಮಾಡುವ ವರ್ತುಳದ ಸೂತ್ರ ಇಲ್ಲಿ ಜೀವ-ಮರಣದ ಲೆಕ್ಕವಾಗುತ್ತದೆ.

ಆದ್ದರಿಂದ ಹುಡುಕುವವರು ಮೊದಲು ಕೇಳುವ ಪ್ರಶ್ನೆಗಳು ಎರಡು: ಕೊನೆಯ ಬಾರಿ ಎಲ್ಲಿ ಕಂಡಿತು? ಯಾವಾಗ ಕಂಡಿತು? ಆ ಬಿಂದುವಿನಿಂದ ಗಾಳಿ ಮತ್ತು ಹರಿವುಗಳ ಲೆಕ್ಕ ಹಾಕಿ ಈಗ ಎಲ್ಲಿರಬಹುದೆಂದು ಊಹಿಸುತ್ತಾರೆ. ಎತ್ತರದ ದೋಣಿಯನ್ನು ಗಾಳಿ ಹೆಚ್ಚು ತಳ್ಳುತ್ತದೆ. ನೀರಿಗೆ ಬಿದ್ದ ಮನುಷ್ಯನನ್ನು ಹರಿವು ಹೆಚ್ಚು ಒಯ್ಯುತ್ತದೆ. ಎರಡಕ್ಕೂ ಬೇರೆ ಬೇರೆ ಲೆಕ್ಕ. ಹರಿವನ್ನು ಅಳೆಯಲು ಸಂಕೇತ ಕಳಿಸುವ ತೇಲುಗುಂಡೊಂದನ್ನು ನೀರಿಗೆ ಬಿಟ್ಟು, ಅದು ಎತ್ತ ಸಾಗುವುದೆಂದು ನೋಡುವುದೂ ಉಂಟು.

ಅನಂತರ ಹೆಲಿಕಾಪ್ಟರಿನ ಸರದಿ. ಅದು ಮನಸ್ಸಿಗೆ ಬಂದತ್ತ ಹಾರುವುದಿಲ್ಲ. ರೈತನು ಹೊಲದಲ್ಲಿ ಸಾಲಿನ ಪಕ್ಕಕ್ಕೆ ಸಾಲು ಹೊಡೆಯುವಂತೆ ಸಮಾಂತರ ರೇಖೆಗಳಲ್ಲಿ ಹೋಗಿ ಬರುತ್ತದೆ. ಜಾಗ ಹೆಚ್ಚು ಖಚಿತವಿದ್ದರೆ ನಡುಬಿಂದುವಿನಿಂದ ಆರಂಭಿಸಿ ಚೌಕಗಳನ್ನು ದೊಡ್ಡದು ಮಾಡುತ್ತ ಹೊರಕ್ಕೆ ಸಾಗುತ್ತದೆ. ಮೇಲಿನಿಂದ ನೋಡಿದರೆ ಈಜುವವನ ತಲೆ ತೇಲುವ ತೆಂಗಿನಕಾಯಿಯಷ್ಟೇ ಕಾಣುತ್ತದೆ. ಬಿಳಿ ನೊರೆಯ ನಡುವೆ ಅದೂ ಅಡಗಿಹೋಗುತ್ತದೆ. ಜೀವರಕ್ಷಕ ಜಾಕೀಟಿಗೆ ಕಿತ್ತಳೆ ಬಣ್ಣವಿರುವುದು ಚೆಲುವಿಗಾಗಿ ಅಲ್ಲ, ಕಣ್ಣಿಗೆ ಬೀಳಲೆಂದು.

ಕಂಡ ಮೇಲೂ ಕೆಲಸ ಸುಲಭವಲ್ಲ. ವಿಮಾನ ಒಂದೆಡೆ ನಿಲ್ಲಲಾರದು. ಹಡಗು ಬಂಡೆಗಳ ಹತ್ತಿರ ಹೋಗಲಾರದು. ಹೆಲಿಕಾಪ್ಟರ್ ಗಾಳಿಯಲ್ಲಿ ತೂಗಿ ನಿಂತು, ರಾಟೆಯ ಉಕ್ಕಿನ ಹಗ್ಗವನ್ನು ಕೆಳಗಿಳಿಸುತ್ತದೆ. ಹಾರುವಾಗ ಹೆಲಿಕಾಪ್ಟರಿನ ಮೈಯಲ್ಲಿ ಸ್ಥಿರ ವಿದ್ಯುತ್ತು ಸೇರಿಕೊಂಡಿರುತ್ತದೆ. ಅದಕ್ಕೇ ಹಗ್ಗದ ಕೊಕ್ಕೆಯನ್ನು ಮೊದಲು ನೀರಿಗೆ ತಾಗಿಸುತ್ತಾರೆ. ಇಲ್ಲವಾದರೆ ಕೈಚಾಚಿದವನಿಗೆ ಬಲವಾದ ಝಟಕೆ! ನಿತ್ರಾಣಗೊಂಡವನಿಗೆ ಹಗ್ಗ ಹಿಡಿಯುವ ಶಕ್ತಿಯೂ ಇರುವುದಿಲ್ಲ. ಆಗ ಮುಳುಗುಗಾರನೊಬ್ಬ ಇಳಿದು ಪಟ್ಟಿ ಕಟ್ಟಿ ಮೇಲೆತ್ತಿಸುತ್ತಾನೆ.

ಹೀಗೆ ಹೆಲಿಕಾಪ್ಟರಿನ ರಾಟೆಯಿಂದ ಜನರನ್ನು ಸಮುದ್ರದಿಂದ ಎತ್ತಿದ ಆರಂಭದ ಪ್ರಸಂಗಗಳಲ್ಲಿ ಒಂದು 1945ರ ನವೆಂಬರ್ 29ರಂದು ಅಮೆರಿಕದ ಕನೆಕ್ಟಿಕಟ್ ಕರಾವಳಿಯಲ್ಲಿ ನಡೆಯಿತು. ಬಿರುಗಾಳಿಗೆ ಸಿಕ್ಕ ತೈಲದ ದೋಣಿಯಿಂದ ಇಬ್ಬರನ್ನು ಸಿಕೋರ್ಸ್ಕಿ ಹೆಲಿಕಾಪ್ಟರ್ ಉಳಿಸಿತು. ನಮ್ಮ ಕರಾವಳಿಯಲ್ಲಿಯೂ ಅಂಥ ಉದಾಹರಣೆ ಇದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿ ಸಮೀಪದ ಬಂಡೆಗಳಿಗೆ ‘ಕೋರಮಂಡಲ್ ಸಪೋರ್ಟರ್’ ಎಂಬ ಎಳೆದೋಣಿ ಸಿಕ್ಕಿಕೊಂಡಿತು. ಮೇ 17ರಂದು ಅದರಲ್ಲಿದ್ದ ಒಂಬತ್ತು ಜನರಲ್ಲಿ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್, ಐವರನ್ನು ಕರಾವಳಿ ಕಾವಲು ಪಡೆ ಪಾರು ಮಾಡಿದವು. ಅವರು ಎಲ್ಲಿದ್ದಾರೆಂಬುದು ಗೊತ್ತಿತ್ತು. ‘ಸುವರ್ಣ ತ್ರಿಭುಜ’ದ ವಿಷಯದಲ್ಲಿ ಗೊತ್ತಿರಲಿಲ್ಲ. ಮುಖ್ಯ ವ್ಯತ್ಯಾಸ ಇದು.

ಈ ಕೊರತೆಯನ್ನು ತುಂಬಲು ನಮ್ಮ ಇಸ್ರೋ ಸಂಸ್ಥೆ ಮೀನುಗಾರರಿಗಾಗಿ ಅಪಾಯಸೂಚಕ ಯಂತ್ರವನ್ನು ನಿರ್ಮಿಸಿದೆ. ಗುಂಡಿ ಒತ್ತಿದರೆ ದೋಣಿಯ ಸ್ಥಾನ ಉಪಗ್ರಹದ ಮೂಲಕ ರಕ್ಷಕರಿಗೆ ತಲುಪುತ್ತದೆ.

ಪಾರುಮಾಡುವವರ ಪ್ರಾಣಕ್ಕೂ ಬೆಲೆಯಿದೆ ಎಂಬುದನ್ನು ಮರೆಯಬಾರದು. 2024ರ ಸೆಪ್ಟೆಂಬರ್ 2ರ ರಾತ್ರಿ ಗುಜರಾತಿನ ಪೋರಬಂದರಿನಾಚೆ, ಹಡಗಿನಲ್ಲಿ ಗಾಯಗೊಂಡವನೊಬ್ಬನನ್ನು ಕರೆತರಲು ಹೋದ ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ನಾಲ್ವರಲ್ಲಿ ಉಳಿದವನು ಒಬ್ಬನೇ.

ಎಲ್ಲ ಕಡೆಗೂ ಹೆಲಿಕಾಪ್ಟರ್ ಸಮಯಕ್ಕೆ ಬರಲಾರದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ಅಸುನೀಗಿದರು. ಅದೇ ವರ್ಷದ ಆಗಸ್ಟಿನಲ್ಲಿ ಕೃಷ್ಣಾ-ಪಂಚಗಂಗೆಗಳ ಮಹಾಪೂರ ಬಂದಾಗ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಊರವರನ್ನು ದಾಟಿಸುತ್ತಿದ್ದ ದೋಣಿಯೇ ಮಗುಚಿತು. ಅಲ್ಲಿ ಸಮುದ್ರವಿರಲಿಲ್ಲ, ನಮ್ಮದೇ ಹೊಳೆಯಿತ್ತು. ದೋಣಿ ಮಗುಚಿದಾಗ ಜೀವ ಉಳಿಯುವುದೂ ಹೋಗುವುದೂ ಮೊದಲ ಕೆಲವು ನಿಮಿಷಗಳಲ್ಲಿ. ಆ ನಿಮಿಷಗಳಲ್ಲಿ ಕಾಯುವುದು ಮೈಮೇಲಿನ ಜಾಕೀಟು ಮಾತ್ರ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಪಾಲಕರೇ, ಮಾಲವಣಕ್ಕೆ ಪ್ರವಾಸ ಹೋದಾಗಲಿ, ನರಸೋಬಾವಾಡಿಯಲ್ಲಿ ಹೊಳೆ ದಾಟುವಾಗಲಿ ಇಷ್ಟನ್ನು ನೆನಪಿಡೋಣ. ಜಾಕೀಟಿಲ್ಲದ ದೋಣಿ, ಜನ ತುಂಬಿದ ದೋಣಿ ಹತ್ತುವುದು ಬೇಡ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ದಡದಲ್ಲಿರುವ ಒಬ್ಬರಿಗಾದರೂ ಹೇಳಿ ಹೋಗೋಣ. ಹೇಳಿದ ಹೊತ್ತಿಗೆ ಮರಳದಿದ್ದರೆ ‘ಇನ್ನೇನು ಬಂದಾರು’ ಎಂದು ಸುಮ್ಮನಿರದೆ ಕೂಡಲೇ ತಿಳಿಸೋಣ. ಕಡಲಿನ ಅಪಾಯಕ್ಕೆ ಕರಾವಳಿ ಕಾವಲು ಪಡೆಯ ದೂರವಾಣಿ ಸಂಖ್ಯೆ 1554. ಬೇಗ ತಿಳಿಸಿದಷ್ಟೂ ಹುಡುಕುವವರ ವರ್ತುಳ ಚಿಕ್ಕದಾಗುತ್ತದೆ.