ರಜಾಕಾರರು: ಗಜೇಂದ್ರಗಡದ ಗಡಿಯಾಚೆಯ ಖಾಸಗಿ ಪಡೆ

ಗಜೇಂದ್ರಗಡದ ಪೂರ್ವಕ್ಕಿರುವ ಯಲಬುರ್ಗಾ, ಕುಷ್ಟಗಿ ಸೀಮೆ 1948ರವರೆಗೆ ಬೇರೊಂದು ರಾಜ್ಯಕ್ಕೆ ಸೇರಿತ್ತು. ಗಜೇಂದ್ರಗಡ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಊರು. ಆಚೆಯದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಹೈದರಾಬಾದ್ ಸಂಸ್ಥಾನ, ಈಚೆಯ ಜನರ ಬಾಯಲ್ಲಿ ಮೊಗಲಾಯಿ. ಎರಡೂ ಕಡೆ ಆಡುವ ಮಾತು ಒಂದೇ, ಹೆಣ್ಣು ಕೊಟ್ಟು ತಂದ ಬೀಗತನವೂ ಇತ್ತು. ಆದರೆ 1947ರ ಆಗಸ್ಟ್ 15ರಂದು ಈಚೆ ಹಾರಿದ ತ್ರಿವರ್ಣ ಧ್ವಜವನ್ನು ಆಚೆ ಹಿಡಿದವರು ಜೈಲು ಸೇರಬೇಕಾಗಿತ್ತು. ಜೈಲಿಗಿಂತ ದೊಡ್ಡ ಭಯ ಇನ್ನೊಂದಿತ್ತು. ಅದು ರಜಾಕಾರರದು.

ರಜಾಕಾರರು ನಿಜಾಮನ ಸೈನಿಕರಲ್ಲ, ಪೊಲೀಸರೂ ಅಲ್ಲ. ಸಂಸ್ಥಾನಕ್ಕೆ ಅವೆರಡೂ ಬೇರೆಯಾಗಿಯೇ ಇದ್ದವು. ಇವರು 1927ರಲ್ಲಿ ಹುಟ್ಟಿದ ಇತ್ತೆಹಾದುಲ್ ಮುಸ್ಲಿಮೀನ್ ಎಂಬ ಪಕ್ಷದ ಸ್ವಯಂಸೇವಕರು. 1944ರಲ್ಲಿ ತೀರಿಕೊಂಡ ಬಹಾದ್ದೂರ್ ಯಾರ್ ಜಂಗ್ ಕಾಲದಲ್ಲಿಯೇ ಈ ದಳ ಇತ್ತು. 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿ ಪಕ್ಷದ ಅಧ್ಯಕ್ಷನಾದ ಮೇಲೆ ಅದು ಬಂದೂಕು ಹಿಡಿದು ಊರೂರಿಗೆ ನುಗ್ಗುವ ಪಡೆಯಾಯಿತು. ಅದರ ನಿಷ್ಠೆ ಕಾನೂನಿಗಲ್ಲ, ರಜ್ವಿಗೆ.

ಇಂಥ ಪಡೆಯಿಂದ ಸರ್ಕಾರಕ್ಕೆ ಸಿಗುವ ಅನುಕೂಲವೇನು ಎಂಬುದನ್ನು ಸ್ಪಷ್ಟವಾಗಿ ನೋಡಬೇಕು. ಪೊಲೀಸನೊಬ್ಬ ಮನೆ ಸುಟ್ಟರೆ ಮೇಲಧಿಕಾರಿ ಉತ್ತರ ಕೊಡಬೇಕಾಗುತ್ತದೆ. ಸ್ವಯಂಸೇವಕ ಸುಟ್ಟರೆ ಅವನು ನಮ್ಮವನಲ್ಲ ಎಂದು ಕೈತೊಳೆದುಕೊಳ್ಳಬಹುದು. ಇತ್ತ ಲೂಟಿಯಾದ ರೈತ ದೂರು ಕೊಡುವುದು ಯಾರಿಗೆ? ಸಂಸ್ಥಾನದ ಪೊಲೀಸರು ಕಣ್ಣು ಮುಚ್ಚಿಕೊಂಡಿದ್ದರು, ಎಷ್ಟೋ ಕಡೆ ಜೊತೆಗೇ ಬರುತ್ತಿದ್ದರು. ಇಟಲಿಯ ಮುಸೊಲಿನಿಯ ಕಪ್ಪಂಗಿಯವರೂ ಜರ್ಮನಿಯ ಹಿಟ್ಲರನ ಕಂದಂಗಿಯವರೂ ಬೆಳೆದದ್ದು ಇದೇ ಸಂದಿನಲ್ಲಿ.

ಆದರೆ ಸಾಕಿದವರ ಮಾತನ್ನೂ ಈ ಪಡೆ ಕೇಳಲಿಲ್ಲ. ಭಾರತಕ್ಕೆ ಸೇರದೆ, ಇದ್ದ ಸಂಬಂಧವನ್ನೇ ಸದ್ಯಕ್ಕೆ ಮುಂದುವರಿಸುವ ಯಥಾಸ್ಥಿತಿ ಒಪ್ಪಂದವನ್ನು ಭಾರತದೊಡನೆ ಮಾಡಿಕೊಳ್ಳಲು ಹೈದರಾಬಾದಿನ ನಿಯೋಗ 1947ರ ಅಕ್ಟೋಬರ್ 27ರ ಬೆಳಿಗ್ಗೆ ದೆಹಲಿಗೆ ಹೊರಡಬೇಕಿತ್ತು. ನಸುಕಿನಲ್ಲಿಯೇ ರಜ್ವಿಯ ಕಡೆಯ ಸಾವಿರಾರು ಜನ ನಿಯೋಗದವರ ಮನೆಗಳನ್ನು ಸುತ್ತುಗಟ್ಟಿದರು. ಮುತ್ತಿಗೆಗೆ ಸಿಕ್ಕವರಲ್ಲಿ ಸಂಸ್ಥಾನದ ಪ್ರಧಾನಿ ಛತ್ತಾರಿ ನವಾಬರೇ ಇದ್ದರು. ಅವರು ಹುದ್ದೆ ಬಿಟ್ಟರು, ಆ ಜಾಗಕ್ಕೆ ರಜ್ವಿಗೆ ಒಪ್ಪಿಗೆಯಾದ ಮೀರ್ ಲಾಯಕ್ ಅಲಿ ಬಂದರು. ನವೆಂಬರ್ 29ರಂದು ಒಪ್ಪಂದಕ್ಕೆ ಸಹಿ ಬಿದ್ದಿತಾದರೂ ಹಳ್ಳಿಗಳಲ್ಲಿ ಹಾವಳಿ ನಿಲ್ಲಲಿಲ್ಲ, ಹೆಚ್ಚಾಯಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಸುಮಾರು 200 ಮಂದಿಯ ಹತ್ಯೆಯಾಯಿತು. ಹಾವಳಿಯನ್ನು ವಿರೋಧಿಸಿದ ಮುಸ್ಲಿಮರಿಗೂ ಉಳಿಗಾಲವಿರಲಿಲ್ಲ. ಭಾರತಕ್ಕೆ ಸೇರುವುದೇ ಸರಿ ಎಂದು ಬರೆಯುತ್ತಿದ್ದ ಉರ್ದು ಪತ್ರಿಕೆ ‘ಇಮ್ರೋಜ್’ನ ತರುಣ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು ಅದೇ ವರ್ಷದ ಆಗಸ್ಟ್ ತಿಂಗಳ ಒಂದು ರಾತ್ರಿ, ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಗ, ಗುಂಡಿಕ್ಕಿ ಕೈ ಕಡಿದು ಕೊಂದರು. ರಜಾಕಾರರ ಕಥೆಯನ್ನು ಬರೀ ಹಿಂದೂ-ಮುಸ್ಲಿಂ ಜಗಳವೆಂದು ಹೇಳುವವರು ಈ ಹೆಸರನ್ನು ಬಿಟ್ಟುಬಿಡುತ್ತಾರೆ. ನಾನು ಬಿಡಲಾರೆ.

ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಹೋರಾಡುತ್ತಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ಜೈಲಿನಲ್ಲಿದ್ದರು. ಸಂಸ್ಥಾನದೊಳಗೆ ಸಭೆ ಸೇರುವಂತಿರಲಿಲ್ಲ. ಹೀಗಾಗಿ ಹೋರಾಟ ಗಡಿ ದಾಟಿ ಈಚೆಗೆ ಬಂತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರಗಳನ್ನು ನಡೆಸಿದರು. ಗಡಿಯುದ್ದಕ್ಕೂ ಇನ್ನೂ ಹಲವು ಶಿಬಿರಗಳಿದ್ದವು. ತರುಣರು ಇಲ್ಲಿ ಬಂದೂಕು ಹಿಡಿಯುವುದನ್ನು ಕಲಿತು ರಾತ್ರಿ ಆಚೆ ಹೋಗುತ್ತಿದ್ದರು. ಸುಂಕದ ನಾಕಾ, ಪೊಲೀಸ್ ಠಾಣೆಗಳು ಅವರ ಗುರಿ. ರಜಾಕಾರರ ಕಾಟಕ್ಕೆ ಸಿಕ್ಕ ಹಳ್ಳಿಗಳಿಗೆ ಕಾವಲಾಗಿ ನಿಲ್ಲುವುದೂ ಅವರ ಕೆಲಸವೇ.

ಇವರೂ ಆಯುಧ ಹಿಡಿದವರೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಇವರ ಬೆನ್ನಿಗೆ ಆಳುವ ಸರ್ಕಾರ ಇರಲಿಲ್ಲ, ಎದುರಿಗಿತ್ತು. ಶಿಬಿರದವರನ್ನು ಸಲಹಿದ್ದು ಸುತ್ತಲಿನ ಊರವರ ಕಾಳುಕಡಿ, ರೊಟ್ಟಿ. ಜೀವ ಉಳಿಸಿಕೊಳ್ಳಲು ಮೊಗಲಾಯಿ ಬಿಟ್ಟು ಬಂದ ಕುಟುಂಬಗಳಿಗೂ ಈ ಊರುಗಳೇ ಆಸರೆಯಾದವು. ಬಂದೂಕಿನ ಸಾಹಸವನ್ನು ಎಲ್ಲರೂ ಬರೆಯುತ್ತಾರೆ. ಆ ದಿನಗಳಲ್ಲಿ ಯಾರ ಮನೆಯ ಹಗೇವು ಎಷ್ಟು ಬರಿದಾಯಿತು ಎಂಬುದನ್ನೂ ಊರಿನ ಹಿರಿಯರನ್ನು ಕೇಳಿ ಬರೆದಿಡಬೇಕಿತ್ತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ನಡೆಯಿತು. 17ರಂದು ನಿಜಾಮ ಸೋಲೊಪ್ಪಿದ. ಕೆಲವು ದಿನಗಳ ಬಳಿಕ ರೇಡಿಯೊದಲ್ಲಿ ಮಾತನಾಡುತ್ತ, ರಜ್ವಿಯ ಗುಂಪು ಹಿಟ್ಲರನ ಜರ್ಮನಿಯ ರೀತಿಯಲ್ಲಿ ರಾಜ್ಯವನ್ನು ವಶಪಡಿಸಿಕೊಂಡು ತನ್ನನ್ನು ಕೈಲಾಗದವನನ್ನಾಗಿ ಮಾಡಿತ್ತು ಎಂದ. ಆ ಪಡೆ ತನ್ನ ಕಣ್ಣೆದುರಿಗೇ ಬೆಳೆಯುವಾಗ ಸುಮ್ಮನಿದ್ದ ದೊರೆಯ ಮಾತಿದು. ರಜ್ವಿ 1957ರವರೆಗೆ ಜೈಲಿನಲ್ಲಿದ್ದು, ಹೊರಬಂದ ಮೇಲೆ ಪಾಕಿಸ್ತಾನಕ್ಕೆ ಹೋದ.

ಅವನು ಮಾಡಿದ್ದರ ಸೇಡನ್ನು ಮಾತ್ರ ಬೇರೆಯವರ ಮೇಲೆ ತೀರಿಸಿಕೊಂಡರು. ಕಾರ್ಯಾಚರಣೆಯ ಹೊತ್ತಿನಲ್ಲಿಯೂ ಆಮೇಲೆಯೂ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ರಜಾಕಾರರಾಗಿರದ ಸಾಮಾನ್ಯ ಮುಸ್ಲಿಮರನ್ನು ಕೊಲ್ಲಲಾಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಬಿಡಲಿಲ್ಲ.